ಸಂಶಿಯ ಲೇಥ್ ಚಾಚಿ

ಚಾಚಿಯ ಎರಡೂ ಮುಂಗೈಗಳ ಮೇಲೆ ಎಳ್ಳು ಚೆಲ್ಲಿದ ಹಾಗೆ ಸಣ್ಣ ಸಣ್ಣ ಕಲೆಗಳಿದ್ದವು. ಹಳೆಯವು ಬಿಳಿ, ಹೊಸವು ಕಂದು. ಲೇಥ್ ಮಶಿನ್ನಿನಲ್ಲಿ ಕಬ್ಬಿಣ ತಿರುವುವಾಗ ಸಿಡಿದ ಕಾದ ಚೂರುಗಳು ಬಿದ್ದು ಸುಟ್ಟ ಗುರುತುಗಳು ಅವು. ಕುಪ್ಪಸದ ತೋಳನ್ನು ಮೇಲಕ್ಕೆ ಮಡಚಿ, ಸೆರಗನ್ನು ಸೊಂಟಕ್ಕೆ ಎರಡು ಸುತ್ತು ಬಿಗಿದು, ಒಂದೂ ಬಳೆಯಿಲ್ಲದ ಆ ಕೈಗಳನ್ನು ಅವರು ತಿರುಗುವ ಮಶಿನ್ನಿನ ಹತ್ತಿರ ಒಯ್ಯುವಾಗ ಅವಸರವೂ ಇರುತ್ತಿರಲಿಲ್ಲ, ಅಂಜಿಕೆಯೂ ಇರುತ್ತಿರಲಿಲ್ಲ.

ಸಂಶಿಯ ಬಸ್ ನಿಲ್ದಾಣ ದಾಟಿ ಸ್ವಲ್ಪ ನಡೆದರೆ, ಗೊಬ್ಬರದ ಅಂಗಡಿಯ ಬಾಜುವಿನಲ್ಲಿ ತಗಡಿನ ಮಾಡಿನ ಒಂದು ವರ್ಕ್‌ಶಾಪ್. ಅದರ ಹಿಂದೆಯೇ ಅವರ ಮನೆ. ಟ್ರ್ಯಾಕ್ಟರಿನ ಪಿನ್, ಪಂಪಿನ ಶಾಫ್ಟ್, ಶೇಂಗಾ ಬಿಡಿಸುವ ಮಶಿನ್ನಿನ ಬುಶ್, ಹೀಗೆ ಸುತ್ತಲಿನ ಊರುಗಳಲ್ಲಿ ಮುರಿದದ್ದೆಲ್ಲ ಅಲ್ಲಿಗೆ ಬರುತ್ತಿತ್ತು. ಹೊಸಬರು ಬಾಗಿಲಲ್ಲಿ ನಿಂತು ಮಿಸ್ತ್ರಿ ಎಲ್ಲಿ ಎಂದು ಕೇಳುವರು. ಚಾಚಿ ಮಶಿನ್ ಬಂದ್ ಮಾಡದೆ, ತಲೆ ಎತ್ತದೆ ಹೇಳುವರು: "ನಾನ ಮಿಸ್ತ್ರಿ. ಏನ್ ಮುರದೈತಿ ತೋರಸ್ರಿ."

ಮೊದಲು ಮಿಸ್ತ್ರಿಯಾಗಿದ್ದವರು ಅವರ ಗಂಡ. ಒಂದು ಮುಂಜಾನೆ ಮಶಿನ್ನಿನ ಮುಂದೆಯೇ ಅವರಿಗೆ ಲಕ್ವಾ ಹೊಡೆಯಿತು. ಬಲಭಾಗ ಬಿದ್ದುಹೋಯಿತು, ಮಾತೂ ನಿಂತಿತು. ಹೊರಗೆ ರೈತರ ಸಾಮಾನು ಅರ್ಧಂಬರ್ಧ ಕೆಲಸದಲ್ಲಿ ಬಿದ್ದಿತ್ತು. ಚಾಚಿ ಗಂಡನನ್ನು ಕುರ್ಚಿಯಲ್ಲಿ ಕೂರಿಸಿ ವರ್ಕ್‌ಶಾಪಿಗೆ ತಂದರಂತೆ, ಮಶಿನ್ ಚಾಲೂ ಮಾಡಿದರಂತೆ. ಗಂಡ ಎಡಗೈಯಿಂದ ಸನ್ನೆ ಮಾಡುವರು. ತಪ್ಪಾದರೆ ಕುರ್ಚಿಯ ಹಿಡಿಕೆಗೆ ಬಡಿಯುವರು. ಕಲಿಸುವವನಿಗೆ ಬಾಯಿ ಇರಲಿಲ್ಲ, ಅದಕ್ಕೆ ತಾನು ಮಶಿನ್ನಿನ ಸಪ್ಪಳ ಕೇಳಿ ಕಲಿಯಬೇಕಾಯಿತು ಎಂದು ಚಾಚಿ ಹೇಳುತ್ತಿದ್ದರು. ನಾಲ್ಕೈದು ವರ್ಷದಲ್ಲಿ ಗಂಡ ತೀರಿಕೊಂಡರು. ಮಶಿನ್ ನಿಲ್ಲಲಿಲ್ಲ. ಒಬ್ಬಳೇ ಮಗಳನ್ನು ಚಾಚಿ ಅದರ ಮೇಲೆಯೇ ಓದಿಸಿದರು, ಮಗಳು ಕನ್ನಡ ಶಾಲೆಯಲ್ಲಿ ಶಿಕ್ಷಕಿಯಾದಳು.

ನಾನು ಅಲ್ಲಿಗೆ ಹತ್ತಿರದ ಕುಬಿಹಾಳದವಳು. ಹುಬ್ಬಳ್ಳಿಯಲ್ಲಿ ಲೋಹಶಾಸ್ತ್ರದ ಡಿಪ್ಲೊಮಾ ಓದುವಾಗ ಅಪ್ಪನ ಪಂಪಿನ ಶಾಫ್ಟ್ ಹಿಡಿದು ಮೊದಲ ಸಲ ಅಲ್ಲಿಗೆ ಹೋದೆ. ಏನು ಓದುತ್ತೀ ಎಂದು ಚಾಚಿ ಕೇಳಿದರು. ಹೇಳಿದೆ. ಅವರು ಮಶಿನ್ನಿನ ಕೆಳಗಿನ ತಟ್ಟೆಯಿಂದ ಎರಡು ಚೂರು ಎತ್ತಿ ನನ್ನ ಅಂಗೈ ಮೇಲಿಟ್ಟು, ಇವೆರಡರಲ್ಲಿ ಯಾವುದು ಒಳ್ಳೆಯ ಕಬ್ಬಿಣದ್ದು ಎಂದರು. ಒಂದು ನೀಲಿ ಬಣ್ಣಕ್ಕೆ ತಿರುಗಿ ಸುರುಳಿಯಾಗಿತ್ತು, ಇನ್ನೊಂದು ಪುಡಿಪುಡಿಯಾಗಿತ್ತು. ನನಗೆ ಹೇಳಲಾಗಲಿಲ್ಲ. ಚಾಚಿ ನಗಲಿಲ್ಲ. ಸುರುಳಿಯಾಗಿದ್ದು ಬಾಗುವ ಜಾತಿ, ಪುಡಿಯಾಗಿದ್ದು ಒಡೆಯುವ ಜಾತಿ, ಎರಡೂ ಒಳ್ಳೆಯವೇ, ಯಾವುದನ್ನು ಎಲ್ಲಿ ಹಾಕಬೇಕು ಎಂಬುದು ತಿಳಿಯಬೇಕು ಅಷ್ಟೇ ಎಂದರು. ಕಾಲೇಜಿನಲ್ಲಿ ಒಂದು ಇಡೀ ವರ್ಷ ಹೇಳಿಕೊಟ್ಟಿದ್ದನ್ನು ಅವರು ಚಹಾ ಆರುವಷ್ಟರಲ್ಲಿ ಹೇಳಿದ್ದರು. ಆಮೇಲೆ ಊರಿಗೆ ಹೋದಾಗಲೆಲ್ಲ ಅಲ್ಲಿ ಇಳಿದೇ ಮುಂದೆ ಹೋಗುವುದು ನನಗೆ ರೂಢಿಯಾಯಿತು.

ಓದು ಮುಗಿದ ಮೇಲೆ ಹುಬ್ಬಳ್ಳಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ನನಗೆ ಕೆಲಸ ಸಿಕ್ಕಿತು. ಒಳಗಿನ ಗಾಳಿಯನ್ನೆಲ್ಲ ಹೊರಗೆ ತೆಗೆದ ದೊಡ್ಡ ಕುಲುಮೆಗಳಿಗೆ ಬೇಕಾದ ಒಳಭಾಗಗಳನ್ನು ಅಲ್ಲಿ ಮಾಡುತ್ತಿದ್ದೆವು. ಕಬ್ಬಿಣ ಕರಗಿ ನೀರಾಗುವಂಥ ಶಾಖದಲ್ಲಿ ಆ ಭಾಗಗಳು ಬಾಗದೆ ನಿಲ್ಲಬೇಕು. ಒಮ್ಮೆ ಮಾಲಿಬ್ಡಿನಮ್ ಮಿಶ್ರಲೋಹದ ಬೋಲ್ಟುಗಳ ಕೆಲಸ ಬಂತು. ಮಾಲಿಬ್ಡಿನಮ್ಮಿಗೆ ಚೂರೇ ಚೂರು ಟೈಟೇನಿಯಮ್, ಅದಕ್ಕಿಂತ ಕಡಿಮೆ ಜಿರ್ಕೋನಿಯಮ್ ಸೇರಿಸಿ ಮಾಡಿದ ಲೋಹ. ಎಷ್ಟು ಕಾದರೂ ಬಿಗಿ ಬಿಡುವುದಿಲ್ಲ. ಆದರೆ ಅದನ್ನು ತಣ್ಣಗಿರುವಾಗ ಕೊರೆಯಲು ಹೋದರೆ ಅಂಚುಗಳು ಬೆಲ್ಲದ ಹಾಗೆ ಮುಕ್ಕಾಗುತ್ತವೆ, ಬೋಲ್ಟಿನ ಆಟೆಗಳು, ಅಂದರೆ ಮೈಮೇಲಿನ ಸುರುಳಿ ಗೆರೆಗಳು, ಹರಿದುಹೋಗುತ್ತವೆ. ನಮ್ಮಲ್ಲಿಯ ಹುಡುಗರು ನಾಲ್ಕು ಸರಳು ಕೆಡಿಸಿದರು. ಹೊರಗಿನ ಎರಡು ವರ್ಕ್‌ಶಾಪಿನವರು ಕೈ ಮುಗಿದು ವಾಪಸು ಕಳಿಸಿದರು. ಲೋಹ ದುಬಾರಿಯದು, ಮಾಲೀಕರು ಆರ್ಡರ್ ಬಿಟ್ಟುಬಿಡುವ ಮಾತಾಡಿದರು. ನಾನು ಒಂದು ಸರಳನ್ನು ಹಳೆಯ ಪೇಪರಿನಲ್ಲಿ ಸುತ್ತಿಕೊಂಡು ಸಂಶಿಯ ಬಸ್ ಹತ್ತಿದೆ.

ಚಾಚಿ ಸರಳನ್ನು ಕೈಯಲ್ಲಿ ಹಿಡಿದು ತೂಗಿದರು. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕಿವಿಗೆ ಹಿಡಿದರು. ಕಬ್ಬಿಣಕ್ಕಿಂತ ಭಾರ, ಸೀಸಕ್ಕಿಂತ ಹಗುರ, ಏನಿದು ಎಂದರು. ನಾನು ಹೆಸರು ಹೇಳಿದೆ. ಅದು ಅವರ ಬಾಯಲ್ಲಿ ನಿಲ್ಲಲಿಲ್ಲ. ಮೊದಲ ಎರಡು ಅಕ್ಷರ ಇಟ್ಟುಕೊಂಡು ಅಂದಿನಿಂದ ಅದನ್ನು ಮಾಲಿ ಎಂದೇ ಕರೆದರು. ಅದರ ಸ್ವಭಾವ ಏನು ಎಂದು ಕೇಳಿದರು. ನಾನು ನನಗೆ ಗೊತ್ತಿದ್ದಷ್ಟು ಹೇಳಿದೆ: ಕುಲುಮೆಯೊಳಗೆ ಗಟ್ಟಿ, ತಣ್ಣಗಿದ್ದಾಗ ಪೆಡಸು, ಬಯಲು ಗಾಳಿಯಲ್ಲಿ ಕೆಂಪಗೆ ಕಾಯಿಸಿದರೆ ಬಿಳಿ ಹೊಗೆಯಾಗಿ ಹಾರಿಹೋಗುತ್ತದೆ.

"ಬೆಂಕಿಗೆ ಅಂಜಂಗಿಲ್ಲ, ಥಂಡಿಗೆ ಅಂಜತೈತಿ ಅಂದಂಗಾತು," ಎಂದರು ಚಾಚಿ.

ಮೊದಲ ದಿನ ಅವರೂ ಸೋತರು. ಎರಡನೆಯ ದಿನ ಸ್ವಲ್ಪ ಹೆಚ್ಚೇ ಕಾಯಿಸಿದರು. ಸರಳು ಕೆಂಪಾಗಿ ಬಿಳಿ ಹೊಗೆ ಎದ್ದಿತು, ನಾವಿಬ್ಬರೂ ಬಾಗಿಲಿಗೆ ಓಡಿದೆವು. ಮೂರನೆಯ ಸಲ ನಾನು ಹೋದಾಗ ವರ್ಕ್‌ಶಾಪಿನ ಮೂಲೆಯಲ್ಲಿ ಒಲೆ, ಒಲೆಯ ಮೇಲೆ ಕಬ್ಬಿಣದ ಬುಟ್ಟಿ, ಬುಟ್ಟಿಯ ತುಂಬ ಉಸುಕು. ಚಾಚಿಯ ತವರುಮನೆಯವರು ಚುರಮುರಿ ಭಟ್ಟಿಯವರು. ಕಾದ ಉಸುಕಿನಲ್ಲಿ ಅಕ್ಕಿ ಹುರಿದು ಚುರಮುರಿ ಮಾಡುವ ಮನೆಯಲ್ಲಿ ಹುಟ್ಟಿದವರಿಗೆ ಉಸುಕಿನ ಬಿಸಿ ಎಷ್ಟಿದೆ ಎಂಬುದು ಅದರ ಮೇಲೆ ಅಂಗೈ ಹಿಡಿದರೆ ಸಾಕು, ತಿಳಿಯುತ್ತಿತ್ತು. ಸರಳನ್ನು ಆ ಉಸುಕಿನೊಳಗೆ ಹುಗಿದು, ಎಲ್ಲ ಕಡೆ ಒಂದೇ ಸಮ ಬೆಚ್ಚಗಾದ ಮೇಲೆ ಇಕ್ಕಳದಿಂದ ತೆಗೆದು ಮಶಿನ್ನಿಗೆ ಬಿಗಿದರು. ತುದಿ ಮುಕ್ಕಾಗದ ಹಾಗೆ ಹಿಂದೆ ಮೆತ್ತನೆಯ ಕಬ್ಬಿಣದ ಬಿಲ್ಲೆ ಕೊಟ್ಟರು. ಲೋಹ ಕೆತ್ತುವ ಟೂಲನ್ನು ಹೊರಗಿನಿಂದ ಒಳಕ್ಕೆ, ಕೂದಲೆಳೆಯಷ್ಟು ಕಡಿಮೆ ತಿನ್ನುವ ಹಾಗೆ ಬಿಟ್ಟರು. ಆಮೇಲೆ ಕಿವಿಯನ್ನು ಮಶಿನ್ನಿನ ಹತ್ತಿರ ತಂದು ನಿಂತರು. ಸಪ್ಪಳ ಕರ್ಕಶವಾದ ಕೂಡಲೇ ಹಿಂದೆ ಸರಿಸುವರು, ಮತ್ತೆ ಕೊಡುವರು. ಮಧ್ಯಾಹ್ನದ ಹೊತ್ತಿಗೆ ಮೊದಲ ಬೋಲ್ಟ್ ಇಳಿಯಿತು. ಒಂದು ಆಟೆಯೂ ಹರಿದಿರಲಿಲ್ಲ.

ಚಾಚಿ ಅದನ್ನು ಸೆರಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟು, ಮಾಲಿಗೆ ಸಿಟ್ಟು ಬರದ ಹಾಗೆ ನೋಡಿಕೊಂಡರೆ ಅದರಷ್ಟು ಒಳ್ಳೆಯದು ಬೇರೆ ಇಲ್ಲ ಎಂದರು. ಆ ಬೋಲ್ಟನ್ನು ಕಂಡ ಮಾಲೀಕರು ಮಾಡಿದವರು ಯಾರು ಎಂದು ಕೇಳಿದರು. ಸಂಶಿಯ ಒಬ್ಬ ಹೆಣ್ಣುಮಗಳು ಎಂದೆ. ಅವರು ನನ್ನ ಬೆನ್ನು ತಟ್ಟಿದರು. ಆಮೇಲೆ ಮೂರು ವರ್ಷ ಮಾಲಿಯ ಕೆಲಸವೆಲ್ಲ ಅಲ್ಲಿಗೇ ಹೋಯಿತು. ಕಾರ್ಖಾನೆಯಲ್ಲಿ ನನ್ನ ಮಾತಿಗೆ ಬೆಲೆ ಬಂದದ್ದು, ಒಂದು ವಿಭಾಗ ನನ್ನ ಕೈಗೆ ಬಂದದ್ದು ಆ ಬೋಲ್ಟುಗಳಿಂದ.

ಇನ್ನು ಮುಂದಿನದನ್ನು ಬರೆಯಲು ನನಗೆ ಬಹಳ ದಿನ ಕೈ ಬರಲಿಲ್ಲ.

ಆ ಲೋಹ ಟೂಲುಗಳನ್ನು ಬೇಗ ಸವೆಸುತ್ತದೆ. ಕಬ್ಬಿಣದ ಕೆಲಸದಲ್ಲಿ ವಾರಕ್ಕೊಮ್ಮೆ ಟೂಲ್ ಮಸೆಯುತ್ತಿದ್ದ ಚಾಚಿ ಈಗ ದಿನಕ್ಕೆ ಹತ್ತು ಹನ್ನೆರಡು ಸಲ ಮಸೆಯಬೇಕಾಯಿತು. ಟೂಲಿನ ತುದಿಗೆ ಬೆಸೆದ ಟಿಪ್ ಕಾರ್ಬೈಡಿನದು. ಗ್ರೈಂಡರಿನ ಹಸಿರು ಕಲ್ಲಿಗೆ ಹಿಡಿದರೆ ಬೂದು ಬಣ್ಣದ ನವುರಾದ ಧೂಳು ಏಳುತ್ತದೆ. ಆ ಧೂಳಿನಲ್ಲಿ ಕೋಬಾಲ್ಟ್ ಇರುತ್ತದೆ, ಅದು ಪುಪ್ಪುಸಕ್ಕೆ ಇಳಿದರೆ ಕೆಲವರಿಗೆ ಉಸಿರಾಟವೇ ಕೆಟ್ಟುಹೋಗುತ್ತದೆ. ಇದನ್ನು ನಾನು ಓದಿದ್ದೆ. ಪರೀಕ್ಷೆಯಲ್ಲಿ ಬರೆದೂ ಇದ್ದೆ. ನಮ್ಮ ಕಾರ್ಖಾನೆಯಲ್ಲಿ ಗ್ರೈಂಡರಿನ ಬಾಯಿಗೆ ಧೂಳು ಎಳೆಯುವ ಕೊಳವೆ ಇತ್ತು. ಚಾಚಿಯ ವರ್ಕ್‌ಶಾಪಿನಲ್ಲಿ ಇದ್ದದ್ದು ಒಂದು ಕಿಟಕಿ. ಅದನ್ನೂ ಗಾಳಿಗೆ ಒಲೆ ಆರುತ್ತದೆ ಎಂದು ಮುಚ್ಚಿರುತ್ತಿದ್ದರು. ಎಲ್ಲವನ್ನೂ ಕಿವಿಯಿಂದ ನೋಡುವ ಅವರು ಟೂಲ್ ಮಸೆಯುವಾಗಲೂ ಮುಖವನ್ನು ಕಲ್ಲಿನ ಹತ್ತಿರವೇ ತರುತ್ತಿದ್ದರು.

ನಾನು ಒಮ್ಮೆ ಹೇಳಿದೆ. ಒಂದು ಡಬ್ಬಿ ಮಾಸ್ಕ್ ಒಯ್ದು ಕೊಟ್ಟೆ, ಈ ಧೂಳು ಒಳ್ಳೆಯದಲ್ಲ ಚಾಚಿ, ಇದನ್ನು ಹಾಕಿಕೊಳ್ಳಿ ಎಂದೆ. ಅವರು ಆಗಲಿ ಎಂದರು. ಮುಂದಿನ ಸಲ ಹೋದಾಗ ಡಬ್ಬಿ ಬಿಚ್ಚಿರಲಿಲ್ಲ. ಮಾಸ್ಕ್ ಹಾಕಿದರೆ ಸೆಕೆ, ಕಿವಿಗೆ ದಾರ ಬಿಗಿಯುತ್ತದೆ, ಸಪ್ಪಳ ಸರಿಯಾಗಿ ಕೇಳುವುದಿಲ್ಲ ಎಂದು ನಕ್ಕರು. ನಾನೂ ನಕ್ಕೆ. ಕಾರ್ಖಾನೆಯಲ್ಲಿ ಮಾಲೀಕರನ್ನು ಕೇಳಿದೆ, ನೀರು ಹಾಯಿಸಿ ಮಸೆಯುವ ಒಂದು ಗ್ರೈಂಡರ್ ಅವರಿಗೆ ಕೊಡಿಸೋಣ ಎಂದು. ಹೊರಗಿನವರ ವರ್ಕ್‌ಶಾಪಿಗೆ ನಾವು ಯಾಕೆ ಎಂದರು. ಮತ್ತೆ ನಾನು ಆ ಮಾತು ಎತ್ತಲಿಲ್ಲ. ನನಗೆ ಆಗ ಬೋಲ್ಟುಗಳ ಅವಸರ ಇತ್ತು.

ಮೊದಲು ಒಣ ಕೆಮ್ಮು ಬಂತು. ಆಮೇಲೆ ಗ್ರೈಂಡರಿನಿಂದ ಮಶಿನ್ನಿಗೆ ನಡೆಯುವಷ್ಟರಲ್ಲಿ ಏದುಸಿರು. ಚಾಚಿ ಸಣ್ಣಗಾದರು. ಊರಿನ ಡಾಕ್ಟರು ಕೆಮ್ಮಿನ ಔಷಧ ಕೊಟ್ಟರು. ತಾಲೂಕಿನಲ್ಲಿ ಕ್ಷಯ ಇರಬಹುದೆಂದು ಆರು ತಿಂಗಳ ಗುಳಿಗೆ ಬರೆದರು. ಕಫದಲ್ಲಿ ಏನೂ ಸಿಕ್ಕಿರಲಿಲ್ಲ, ಆದರೂ ಗುಳಿಗೆ ಮುಂದುವರಿಯಿತು. ಆ ಆರು ತಿಂಗಳೂ ಅವರು ಕೆಲಸ ಮಾಡಿದರು, ಟೂಲ್ ಮಸೆದರು. ನಾನೂ ಸರಳುಗಳನ್ನು ಒಯ್ದು ಕೊಟ್ಟೆ. ಕ್ಷಯವಂತೆ, ಗುಳಿಗೆ ಮುಗಿದರೆ ಆರಾಮಾಗುತ್ತದಂತೆ ಎಂದು ಅವರು ಹೇಳಿದ್ದನ್ನು ನಾನು ನಂಬಿದೆ. ನಂಬುವುದು ನನಗೂ ಸುಲಭವಾಗಿತ್ತು.

ಗುಳಿಗೆ ಮುಗಿದರೂ ಉಸಿರು ತಿರುಗಲಿಲ್ಲ. ಮಗಳು ರಜೆ ಹಾಕಿ ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಕರೆತಂದಳು. ನಾನೂ ಹೋಗಿದ್ದೆ. ಅಲ್ಲಿಯ ವಯಸ್ಸಾದ ಡಾಕ್ಟರಮ್ಮ ಎದೆಯ ಎಕ್ಸ್‌ರೇ ಫಿಲ್ಮನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಹಳೆಯ ಚೀಟಿಗಳನ್ನೆಲ್ಲ ತಿರುವಿದರು. ಎಲ್ಲ ಚೀಟಿಗಳ ಮೇಲೂ ಉದ್ಯೋಗ ಎಂಬಲ್ಲಿ ಮನೆಗೆಲಸ ಎಂದಿತ್ತು. ಸೀರೆ ಉಟ್ಟ ಹಳ್ಳಿಯ ಹೆಣ್ಣುಮಗಳನ್ನು ಏನು ಕೆಲಸ ಮಾಡುತ್ತೀ ಎಂದು ಯಾರೂ ಕೇಳಿರಲಿಲ್ಲ, ತಾವೇ ಬರೆದುಕೊಂಡಿದ್ದರು. ಒಲೆಯ ಹೊಗೆ ಹೆಚ್ಚೇ ಎಂದು ಡಾಕ್ಟರಮ್ಮ ಕೇಳಿದರು. ಆಗ ನಾನು ಬಾಯಿ ಬಿಟ್ಟೆ. ಲೇಥ್ ಕೆಲಸ, ಕಾರ್ಬೈಡ್ ಟಿಪ್, ಒಣ ಗ್ರೈಂಡರ್, ಮೂರು ವರ್ಷ, ದಿನಕ್ಕೆ ಇಷ್ಟು ಸಲ, ಎಲ್ಲವನ್ನೂ ಹೇಳಿದೆ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

"ಇದು ನಿಮಗ ಮೊದಲ ಗೊತ್ತಿತ್ತೇನ್ರಿ?" ಎಂದು ನನ್ನನ್ನು ಕೇಳಿದರು.

ಗೊತ್ತಿತ್ತು ಎಂದೆ. ಚಾಚಿಯ ಮಗಳು ನನ್ನ ಕಡೆ ತಿರುಗಿ ನೋಡಿದಳು. ಮತ್ತೆ ಎರಡು ತಿಂಗಳು ಅವಳು ನನ್ನೊಡನೆ ಮಾತಾಡಲಿಲ್ಲ.

ಆ ಧೂಳಿನಿಂದಲೇ ಬಂದ ಪುಪ್ಪುಸದ ರೋಗ ಬಹಳ ಮುಂದೆ ಹೋಗಿತ್ತು. ಧೂಳಿನಿಂದ ದೂರ ಇರಬೇಕು, ಇಷ್ಟು ಗುಳಿಗೆ, ಮನೆಯಲ್ಲಿ ಆಮ್ಲಜನಕದ ಮಶಿನ್. ಆರು ತಿಂಗಳ ಹಿಂದೆಯೇ ಬಂದಿದ್ದರೆ ಎಂದು ಶುರು ಮಾಡಿದ ಡಾಕ್ಟರಮ್ಮ ಮಾತನ್ನು ಅರ್ಧಕ್ಕೆ ನಿಲ್ಲಿಸಿದರು.

ಒಂದು ರವಿವಾರ ಮುಂಜಾನೆ ಧೈರ್ಯ ಮಾಡಿ ಸಂಶಿಗೆ ಹೋದೆ. ಮಗಳು ಬಾಗಿಲು ತೆರೆದು ಒಳಗೆ ನಡೆದುಬಿಟ್ಟಳು. ಚಾಚಿ ಮಂಚದ ಮೇಲೆ ದಿಂಬುಗಳಿಗೆ ಒರಗಿ ಕೂತಿದ್ದರು, ಮೂಗಿಗೆ ನಳಿಕೆ. ಮಲಗಿದರೆ ಉಸಿರು ಕಟ್ಟುತ್ತಿತ್ತು. ನಾನು ಕೆಳಗೆ ಕೂತು, ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತುಗಳನ್ನೆಲ್ಲ ಬಿಟ್ಟು, ತಪ್ಪು ನನ್ನದು ಎಂದಷ್ಟೇ ಹೇಳಿದೆ. ನನಗೆ ಎಲ್ಲ ಗೊತ್ತಿತ್ತು, ಗೊತ್ತಿದ್ದೂ ಕೆಲಸ ತಂದು ಕೊಟ್ಟೆ ಎಂದೆ. ಅತ್ತೆ. ಅವರು ನನ್ನ ತಲೆಯ ಮೇಲೆ ಕೈ ಇಟ್ಟರು. ಒಂದೊಂದು ಮಾತಿಗೂ ನಿಂತು, ಉಸಿರು ತೆಗೆದುಕೊಂಡು ಹೇಳಿದರು.

"ನೀ ಒಮ್ಮೆ ಹೇಳಿದ್ದಿ ಬೇಟಾ. ನಾ ಕೇಳಲಿಲ್ಲ. ಅದು ನಂದು ತಪ್ಪು."

ನಾನು ತಲೆ ಎತ್ತಲಿಲ್ಲ. ಅವರ ಕೈ ಇನ್ನೂ ಅಲ್ಲೇ ಇತ್ತು.

"ಆದ್ರ ನೀ ಇನ್ನೊಮ್ಮೆ ಹೇಳಬೇಕಿತ್ತು."

ಆ ಮಾತಿನಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟು ಇದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಬೋಲ್ಟಿನ ಅಳತೆ ತಪ್ಪಿದಾಗ, ಎಲ್ಲಿ ತಪ್ಪಿತು ಎಂದು ತೋರಿಸುವವರ ಹಾಗೆ ಅವರು ಅದನ್ನು ಹೇಳಿದರು. ಅಷ್ಟು ಹೇಳಿ, ಚಹಾ ಕುಡಿದು ಹೋಗು ಎಂದರು. ಮಗಳು ಚಹಾ ತಂದು ನನ್ನ ಮುಂದೆ ಇಟ್ಟಳು.

ಅದಾದ ಮೇಲೆ ಪ್ರತಿ ರವಿವಾರ ಹೋದೆ. ವರ್ಕ್‌ಶಾಪಿನಲ್ಲಿ ಕೊನೆಯದಾಗಿ ತಂದಿಟ್ಟ ಎರಡು ಸರಳುಗಳು, ನಾಲ್ಕೈದು ಬೋಲ್ಟಿಗಾಗುವಷ್ಟು, ಹಾಗೆಯೇ ಉಳಿದಿದ್ದವು. ಅವುಗಳನ್ನು ವಾಪಸು ಒಯ್ಯುತ್ತೇನೆ ಎಂದಾಗ ಚಾಚಿ ಬೇಡವೆಂದು ತಲೆಯಾಡಿಸಿದರು. ತನ್ನನ್ನು ಅಲ್ಲಿ ಕೂರಿಸಿ, ನೀನು ತಿರುವು ಎಂದರು. ಮಗಳು ಬೇಡವೆಂದಳು, ಬೇಡಿಕೊಂಡಳು. ಚಾಚಿ ಕೇಳಲಿಲ್ಲ. ನಾನು ಮೊದಲ ದಿನ ಇಡೀ ವರ್ಕ್‌ಶಾಪನ್ನು ಒದ್ದೆ ಬಟ್ಟೆಯಿಂದ ಒರೆಸಿದೆ, ಕಿಟಕಿ ತೆಗೆದೆ, ಮಸೆಯಬೇಕಾದ ಟೂಲುಗಳನ್ನೆಲ್ಲ ಹುಬ್ಬಳ್ಳಿಯಲ್ಲಿಯೇ ಮಸೆದು ತಂದೆ. ಅವರನ್ನು ಗಂಡನ ಹಳೆಯ ಕುರ್ಚಿಯ ಮೇಲೆ, ಬಾಗಿಲ ಹತ್ತಿರ ಗಾಳಿ ಬರುವಲ್ಲಿ ಕೂರಿಸಿದೆವು. ಆಮ್ಲಜನಕದ ಮಶಿನ್ನಿನ ವೈರನ್ನು ಮಗಳು ಮನೆಯಿಂದ ಎಳೆದು ತಂದಳು.

ಮಾತಾಡಲು ಅವರಲ್ಲಿ ಉಸಿರಿರಲಿಲ್ಲ. ಉಸುಕು ಸಾಕಷ್ಟು ಬಿಸಿಯಾಯಿತೇ ಎಂದು ನಾನು ಒಂದು ಚಮಚ ಉಸುಕನ್ನು ಅವರ ಅಂಗೈ ಹತ್ತಿರ ಒಯ್ದೆ. ಇನ್ನೂ ಇಲ್ಲ ಎಂದು ಬೆರಳು ಆಡಿಸಿದರು. ಟೂಲ್ ಕೊಟ್ಟೆ. ನನಗೆ ಎಲ್ಲ ಸಪ್ಪಳವೂ ಒಂದೇ. ಅವರು ಕಣ್ಣು ಮುಚ್ಚಿ ಕೂತಿದ್ದರು. ತುಸು ಹೆಚ್ಚು ತಿನ್ನಿಸಿದರೆ ಕೈ ಎತ್ತುವರು. ನಾನು ಹಿಂದೆ ಸರಿಸುವೆ. ಮೊದಲ ಬೋಲ್ಟಿನ ತುದಿ ಮುಕ್ಕಾಯಿತು. ಎರಡನೆಯದರ ಆಟೆ ಹರಿಯಿತು. ಮೂರನೆಯದು ನಿಂತಿತು. ಅದನ್ನು ಅವರ ಕೈಯಲ್ಲಿಟ್ಟಾಗ ಹೆಬ್ಬೆರಳಿನ ಉಗುರಿನಿಂದ ಒಂದೊಂದೇ ಆಟೆಯನ್ನು ಮುಟ್ಟುತ್ತ ಕೊನೆಯವರೆಗೂ ಹೋದರು. ಒಂದು ಕಡೆ ನಿಂತು, ಉಗುರನ್ನು ಅಲ್ಲೇ ಇಟ್ಟು ನನ್ನ ಮುಖ ನೋಡಿದರು. ಅಲ್ಲೊಂದು ಬಿರುಕಿತ್ತು. ನನಗೆ ಕಂಡಿರಲಿಲ್ಲ. ಮರುದಿನ ಕಾರ್ಖಾನೆಯಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದಾಗ ಕಂಡಿತು, ಕೂದಲಿಗಿಂತ ಸಣ್ಣದು.

ಆಮೇಲೆ ಅವರಿಗೆ ವರ್ಕ್‌ಶಾಪಿಗೆ ಬರಲಾಗಲಿಲ್ಲ. ಮಗಳು ನನ್ನೊಡನೆ ಮಾತಾಡತೊಡಗಿದ್ದು ಆ ದಿನಗಳಲ್ಲಿ. ಒಮ್ಮೆ, ಅಮ್ಮ ನಿದ್ದೆಯಲ್ಲಿದ್ದಾಗ, ತಾನು ಶಿಕ್ಷಕಿಯಾಗಿದ್ದೂ ಆ ಚೀಟಿಗಳ ಮೇಲೆ ಬರೆದದ್ದನ್ನು ಓದಿ ಸುಮ್ಮನಿದ್ದೆ ಎಂದಳು. ಮಶಿನ್ ಕೆಲಸ ಎಂದು ಹೇಳಲು ಜನರ ಮುಂದೆ ತನಗೆ ಒಂಥರಾ ಆಗುತ್ತಿತ್ತು ಎಂದಳು. ನಾನು ಅವಳಿಗೆ ಸಮಾಧಾನ ಹೇಳಲಿಲ್ಲ. ಅವಳೂ ನನಗೆ ಹೇಳಲಿಲ್ಲ. ಇಬ್ಬರೂ ಸೇರಿ ಅವರ ಬೆನ್ನಿಗೆ ದಿಂಬು ಸರಿ ಮಾಡಿದೆವು.

ಕಪ್ಪು ಮಣ್ಣಿನ ಎರಿ ಹೊಲಗಳಲ್ಲಿ ಕಡಲೆ ಬಿತ್ತುವ ಹೊತ್ತು. ಮುಂಜಾನೆ ಹತ್ತರ ಸುಮಾರಿಗೆ ಮಗಳ ಫೋನ್ ಬಂತು. ನಾನು ಕಾರ್ಖಾನೆಯಿಂದ ಹಾಗೆಯೇ ಎದ್ದು ಬಸ್ ಹಿಡಿದೆ. ಚಾಚಿಯ ಮುಖ ನೋಡಿದೆ. ಎಷ್ಟೋ ತಿಂಗಳ ಮೇಲೆ ಅವರು ಉದ್ದಕ್ಕೆ ಮಲಗಿದ್ದರು. ಮಧ್ಯಾಹ್ನ ಗಂಡಸರು ಜನಾಜಾ ಹೊತ್ತುಕೊಂಡು ಹೋದರು, ಹೆಂಗಸರು ಮನೆಯಲ್ಲಿ ಉಳಿದರು. ಒಳಗೆ ಜಾಗ ಸಾಲದೆ ನಾನು ವರ್ಕ್‌ಶಾಪಿನ ಕಟ್ಟೆಯ ಮೇಲೆ ಬಂದು ಕೂತೆ.

ಈ ಲೋಹದ ಬಗ್ಗೆ ನನಗೆ ತಿಳಿದದ್ದರಲ್ಲಿ ಓದಿದ್ದು ಕಡಿಮೆ, ಅವರಿಂದ ಬಂದದ್ದೇ ಹೆಚ್ಚು. ಈಗ ನಮ್ಮ ಕಾರ್ಖಾನೆ ಯಾರಿಗೆ ಕೆಲಸ ಕೊಟ್ಟರೂ ಮೊದಲು ನೀರಿನ ಗ್ರೈಂಡರ್ ಹೋಗಬೇಕು ಎಂದು ನಾನು ಹಟ ಹಿಡಿದಿದ್ದೇನೆ, ಮಾಲೀಕರು ಒಪ್ಪಿದ್ದಾರೆ. ಒಪ್ಪಿಸಲು ಮೂರೇ ದಿನ ಹಿಡಿಯಿತು. ಆ ಮೂರು ದಿನವನ್ನು ನಾನು ಮೊದಲೇ ಕೊಟ್ಟಿರಲಿಲ್ಲ.

ಅಂದು ಕಟ್ಟೆಯ ಮೇಲೆ ಕೂತಿದ್ದಾಗ ಬಮ್ಮಿಗಟ್ಟಿಯ ಕಡೆಯ ರೈತರೊಬ್ಬರು ಬಂದರು. ನನಗೆ ಗುರುತಿಲ್ಲದವರು, ವಯಸ್ಸಾದವರು. ಬೀಗರ ಊರಿಗೆ ಬಂದವರು ಬಿತ್ತುವ ಕೂರಿಗೆಯ ಮುರಿದ ಪಿನ್ನೊಂದನ್ನು ಟವೆಲ್ಲಿನಲ್ಲಿ ಸುತ್ತಿ ತಂದಿದ್ದರು. ಅವರಿಗೆ ಸುದ್ದಿ ಗೊತ್ತಿರಲಿಲ್ಲ. ಟವೆಲ್ ಬಿಚ್ಚುತ್ತ ಕೇಳಿದರು: "ಚಾಚಿ ಅದಾರೇನ್ರಿ?"

ಮುಂಜಾನೆಯಿಂದ ಆ ಮಾತನ್ನು ನಾನು ಯಾರ ಮುಂದೆಯೂ ಆಡಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು, ಆಡುವ ಪ್ರಸಂಗ ಬಂದಿರಲಿಲ್ಲ.

"ಇಲ್ರಿ ಕಾಕಾ. ಚಾಚಿ ಹೋದ್ರು," ಎಂದೆ.

ಅವರು ಅರ್ಥವಾಗದವರಂತೆ ಒಳಗಿನ ಮಶಿನ್ನನ್ನು ನೋಡಿದರು. ಆಮೇಲೆ ಚಪ್ಪಲಿ ಬಿಟ್ಟು, ಮುರಿದ ಪಿನ್ನನ್ನು ಕೈಯಲ್ಲಿ ಹಿಡಿದುಕೊಂಡೇ ಕಟ್ಟೆಯ ಮೇಲೆ ನನ್ನ ಬಾಜುವಿಗೆ ಕೂತರು. ಗಂಡಸರು ಮಣ್ಣು ಮುಗಿಸಿ ತಿರುಗಿ ಬರುವವರೆಗೂ ಅವರು ಏಳಲಿಲ್ಲ.